ಟೈರಿನ ಮೇಲಿನ ಕೊನೆಯ ಅಂಕಿ

"ಗುರುಗಳೇ, ನನ್ನ ಗೆಳೆಯನಿಗೆ ನಮ್ಮ ಪಕ್ಕದ ಮನೆಯ ಹುಡುಗಿಯನ್ನು ಕೊಡುವ ಮಾತು ನಡೆದಿದೆ. ಅವಳ ಮನೆಯವರು ನನ್ನನ್ನು ವಿಚಾರಿಸಿದರು. ಓದು, ಕೆಲಸ, ಮನೆತನ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ. ಅವನ ಕುಡಿತದ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದು ತಪ್ಪೇ?" ಎಂದು ಶಿಷ್ಯ ನಿರಂಜನ ಕೇಳಿದ.

"ಅಬ್ಬಾ, ಎಷ್ಟು ಜಾಣ ನೀನು! ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಹೆದ್ದಾರಿಯ ಬದಿಯಲ್ಲಿ ಒಬ್ಬ ಟೈರ್ ಅಂಗಡಿಯವನಿದ್ದ. ಕೆಲಸದಲ್ಲಿ ಪಳಗಿದವನು. ಟೈರಿನ ಬದಿಯ ಮೇಲೆ 185, 65, 15, 92 ಎಂದು ಅಚ್ಚಾಗಿರುತ್ತದಲ್ಲ, ಅದನ್ನು ನಿದ್ದೆಯಲ್ಲೂ ಓದಬಲ್ಲವನು. ಮೊದಲನೆಯದು ಅಗಲ, ಎರಡನೆಯದು ಆ ಅಗಲಕ್ಕೆ ಎತ್ತರ ಶೇಕಡಾ ಎಷ್ಟು ಎಂಬುದು, ಮೂರನೆಯದು ರಿಮ್ಮಿನ ಅಳತೆ. ಕೊನೆಯದು ಟೈರು ಎಷ್ಟು ಭಾರ ತಾಳುತ್ತದೆ ಎಂಬುದಕ್ಕೆ. ಮೊದಲ ಮೂರು ಸರಿಯಿದ್ದರೆ ಟೈರು ಕೂರುತ್ತದೆ. ಕೊನೆಯದು ತಪ್ಪಿದರೂ ಕೂರುತ್ತದೆ. ತೊಂದರೆ ಇರುವುದೇ ಅಲ್ಲಿ.

ಬಾಡಿಗೆ ಕಾರು ಓಡಿಸುವವನೊಬ್ಬ ಹಿಂದಿನ ಎರಡು ಟೈರು ಬದಲಿಸಲು ಬಂದ. ಏಳು ಸೀಟಿನ ಕಾರು. ಹಳೆಯ ಟೈರಿನ ಕೊನೆಯ ಅಂಕಿ 92. ಅಂಗಡಿಯಲ್ಲಿ ಇದ್ದದ್ದರಲ್ಲಿ ಮೊದಲ ಮೂರೂ ಅವೇ, ಕೊನೆಯದು ಮಾತ್ರ 88.

"ಇದು ಕೂರುತ್ತಾ ಅಣ್ಣಾ?"

"ಸರಿಯಾಗಿ ಕೂರುತ್ತೆ."

ಸುಳ್ಳಲ್ಲ. ಕೂತಿತು. ಅಂಗಡಿಯವನೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಒಳ್ಳೆಯದಾಗಲಿ ಎಂದು ಕಳಿಸಿದ.

ಬೇಸಿಗೆ ಬಂತು. ಏಳು ಜನ, ಮೇಲೆ ಅವರ ಗಂಟುಮೂಟೆ. ಕಾದ ರಸ್ತೆಯಲ್ಲಿ ಹಿಂದಿನ ಟೈರು ಸಿಡಿಯಿತು. ಕೂತವರು ಗಾಯಗೊಂಡು ಉಳಿದರು. ಓಡಿಸುತ್ತಿದ್ದವನು ಉಳಿಯಲಿಲ್ಲ.

ತಿಂಗಳಾದ ಮೇಲೆ ಅವನ ಹೆಂಡತಿ ಹರಿದ ಟೈರನ್ನು ಆಟೋದಲ್ಲಿ ಹಾಕಿಕೊಂಡು ಅದೇ ಅಂಗಡಿಗೆ ಬಂದಳು. ಜಗಳಕ್ಕೆ ಬಂದವಳಲ್ಲ, ಪಾಪ. ಇದರ ಮೇಲೆ ಏನು ಬರೆದಿದೆ ಎಂದು ತಿಳಿಯಬೇಕಿತ್ತು, ಅಷ್ಟೇ. ಅವನು ಓದಿದ. ಒಂದೊಂದರ ಅರ್ಥವನ್ನೂ ಹೇಳಿದ. ಕೊನೆಯ ಅಂಕಿಗೆ ಬಂದಾಗ, ಆ ಕಾರಿಗೆ 92 ಬೇಕಿತ್ತು ಎಂಬುದನ್ನೂ ಹೇಳಿದ.

ಅವಳು ಕೇಳಿದಳು. "ಅವತ್ತೂ ನಿಮಗೆ ಇದು ಗೊತ್ತಿತ್ತಾ ಅಣ್ಣಾ?"

ಅವನು ಸುಳ್ಳು ಹೇಳುವವನಲ್ಲ ನೋಡು. "ಗೊತ್ತಿತ್ತಮ್ಮಾ" ಎಂದ.

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಟೈರನ್ನು ಅಲ್ಲೇ ಬಿಟ್ಟು ನಡೆದುಹೋದಳು. ಅವನು ಮತ್ತೆ ಆ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಕತೆ ಮುಗಿಯಿತು. ನಿರಂಜನ ತಲೆ ತಗ್ಗಿಸಿ ಕೂತಿದ್ದ. ಗುರುಗಳು ಮೆಲ್ಲಗೆ ಹೇಳಿದರು:

"ಮುಂದೊಂದು ದಿನ ಆ ಹುಡುಗಿ ಬಂದು ಹೀಗೇ ಕೇಳಿದರೆ, ನೀನೂ ಸುಳ್ಳು ಹೇಳುವುದಿಲ್ಲ, ಅಲ್ಲವೇ?"