ಯಾವ ದೀಪಕ್ಕೂ ಸೇರದ ತಂತಿ

"ಗುರುಗಳೇ, ಕೋಪ ಬಿಟ್ಟೆ, ನಾಲಿಗೆಯ ರುಚಿ ಬಿಟ್ಟೆ. ಅವ್ವ ತೀರಿಕೊಂಡು ಮೂರು ತಿಂಗಳಾಯಿತು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಆದರೂ ಅಳು ಗಂಟಲಿಗೆ ಬಂದು ನಿಲ್ಲುತ್ತದೆ. ಇದೊಂದನ್ನು ಕಡಿದು ಹಾಕುವುದು ಹೇಗೆ?" ಎಂದು ಮಾದಯ್ಯ ಕೇಳಿದ. ಅವನು ಮಠ ಸೇರಿ ನಾಲ್ಕು ವರ್ಷವಾಗಿತ್ತು. ಸನ್ಯಾಸಿಗೆ ಅಳು ಸಲ್ಲದು ಎಂದು ಗಟ್ಟಿಯಾಗಿ ನಂಬಿದ್ದ.

"ಕಡಿಯುವುದೇನು ಮಹಾ, ಕತ್ತರಿ ಇದ್ದರೆ ಸಾಕು. ಮೊದಲು ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಬ್ಬ ದೋಣಿಯವನಿದ್ದ. ಅವನದು ಅಜ್ಜನ ಕಾಲದ ಹಾಯಿದೋಣಿ. ಮರ ಗಟ್ಟಿಯಾಗಿತ್ತು, ವೈರಿಂಗ್ ಮಾತ್ರ ಹಣ್ಣಾಗಿತ್ತು. ದೀಪ ಹಾಕಿದರೆ ಮಿಣುಕಿ ಆರಿಹೋಗುತ್ತಿತ್ತು. ಹೊಸ ಬ್ಯಾಟರಿ, ಹೊಸ ತಂತಿ ತಂದು, ದೋಣಿಯನ್ನು ಮರಳಿಗೆ ಎಳೆಸಿ, ಪೇಟೆಯಿಂದ ಒಬ್ಬ ವೈರಿಂಗ್ ಮಿಸ್ತ್ರಿಯನ್ನು ಕರೆಸಿದ.

ಮಿಸ್ತ್ರಿ ಮನೆಗಳಲ್ಲಿ ಪಳಗಿದವನು. ಅಚ್ಚುಕಟ್ಟು ಎಂದರೆ ಅವನಿಗೆ ಪ್ರಾಣ. ಕಿಲುಬು ಹಿಡಿದ ಹಳೆಯ ತಂತಿಗಳನ್ನೆಲ್ಲ ಕಿತ್ತ. ಒಂದೊಂದು ದೀಪಕ್ಕೂ ಬೇರೆ ಫ್ಯೂಸು ಕೂರಿಸಿದ. ಕೊನೆಗೆ ಕಿರುಬೆರಳು ದಪ್ಪದ ಒಂದು ತಾಮ್ರದ ತಂತಿ ಉಳಿಯಿತು. ಅದು ಹಾಯಿಕಂಬದ ತುದಿಯಿಂದ ಇಳಿದು, ದೋಣಿಯ ತಳಕ್ಕೆ ಹೊರಗಿನಿಂದ ಬಡಿದ ತಾಮ್ರದ ತಗಡಿಗೆ ಸೇರಿತ್ತು. ಅದಕ್ಕೆ ದೀಪವಿಲ್ಲ, ಸ್ವಿಚ್ಚಿಲ್ಲ. ದೋಣಿಯವನನ್ನು ಕೇಳಿದರೆ, "ಅಪ್ಪ ಹಾಕಿಸಿದ್ದು, ಯಾಕೋ ನನಗೂ ತಿಳಿಯದು" ಎಂದ. ದಂಡದ ತಂತಿ ಎಂದುಕೊಂಡು ಮಿಸ್ತ್ರಿ ಅದನ್ನೂ ಕತ್ತರಿಸಿ ಗುಜರಿ ಚೀಲಕ್ಕೆ ತುರುಕಿದ.

ಮಧ್ಯಾಹ್ನ ದೋಣಿಯವನ ಹೆಂಡತಿ ಇಬ್ಬರಿಗೂ ಊಟ ತಂದಳು. ವರ್ಷಕ್ಕೊಮ್ಮೆ ದೋಣಿ ಮರಳಿಗೆ ಬಂದಾಗ ಆ ತಗಡನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ಅವಳ ಕೆಲಸ. ಅತ್ತೆ ಹೇಳಿಕೊಟ್ಟಿದ್ದಳು, ಯಾಕೆಂದೂ ಹೇಳಿದ್ದಳು. ಚೀಲದಲ್ಲಿ ಆ ತಂತಿ ಕಂಡು ಅದನ್ನು ಹೊರಗೆಳೆದಳು.

"ಮಿಸ್ತ್ರಿಗಳೇ, ಸಿಡಿಲು ಬಿದ್ದರೆ ಇನ್ನು ಯಾವ ದಾರಿಯಲ್ಲಿ ಇಳಿಯಬೇಕು? ಕಂಬದ ಬುಡದಲ್ಲಿ ಕೂರುವವರು ನನ್ನ ಯಜಮಾನರು" ಎಂದಳು.

ಮಿಸ್ತ್ರಿಯ ಮುಖ ಚಿಕ್ಕದಾಯಿತು. ಊರ ಮನೆಗಳಿಗೆಲ್ಲ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಕರೆಂಟು ನೆಲಕ್ಕಿಳಿಯಲು ಅರ್ಥಿಂಗ್ ಕೊಟ್ಟವನು ಅವನೇ. ನೀರಿನ ಮೇಲೆ ಮಣ್ಣೆಲ್ಲಿಂದ ಬರಬೇಕು ಎಂದು ಇಲ್ಲಿ ಆ ಯೋಚನೆಯನ್ನೇ ಬಿಟ್ಟಿದ್ದ. "ತಪ್ಪಾಯಿತು ತಾಯಿ. ದೋಣಿಗೆ ಉಪ್ಪುನೀರೇ ನೆಲ ಅನ್ನುವುದು ನನಗೆ ಹೊಳೆಯಲಿಲ್ಲ" ಎಂದ. ಊಟಕ್ಕೂ ಕೂರದೆ ಹೊಸ ತಂತಿ ಎಳೆದು ತಗಡಿಗೆ ಬಿಗಿದ.

ಆ ವರ್ಷದ ಮೊದಲ ಗುಡುಗಿಗೇ ನಡುಗಡಲಲ್ಲಿ ಕಂಬಕ್ಕೆ ಸಿಡಿಲು ಬಡಿಯಿತು. ಹೊಸ ದೀಪಗಳೆಲ್ಲ ಸುಟ್ಟುಹೋದವು. ಸಿಡಿಲು ತಂತಿ ಹಿಡಿದು ಕಡಲಿಗೆ ಇಳಿಯಿತು. ದೋಣಿಯವನು ಮನೆಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡ. "ಮುಂದಿನ ವರ್ಷ ತಗಡು ನಾನೇ ತಿಕ್ಕುತ್ತೇನೆ" ಎಂದ.

ಕತೆ ಅಲ್ಲಿಗೆ ನಿಂತಿತು. ಮಾದಯ್ಯ ತುಂಬಿ ಬಂದ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಕಣ್ಣೀರೂ ಉಪ್ಪುನೀರೇ ಕಣಪ್ಪ, ಇಳಿಯಲಿ ಬಿಡು."