ಜಗಜಟ್ಟಿ ರಾಯನ ಬಸ್ ಲೈಸೆನ್ಸು

ತಗ್ಗಿನಪುರದ ದೊರೆ ಜಗಜಟ್ಟಿ ರಾಯನಿಗೆ ಬಸ್ಸು ಓಡಿಸುವ ಹುಚ್ಚು ಹತ್ತಿತು.

"ಆನೆ ನಡೆಸಿದ್ದೇನೆ, ರಾಜ್ಯ ನಡೆಸಿದ್ದೇನೆ. ಬಸ್ಸೇನು ಮಹಾ!" ಎಂದು ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. "ನಾಳೆ ಊರಿನ ಬಸ್ಸನ್ನು ನಾನೇ ಘಾಟಿ ಇಳಿಸುತ್ತೇನೆ. ಸೀಟೆಲ್ಲ ಭರ್ತಿ ಇರಬೇಕು. ಕೊಟ್ರಪ್ಪ, ಲೈಸೆನ್ಸು ಬರಿ!"

ಕೊಟ್ರಪ್ಪ ಅರಮನೆಯ ಲೈಸೆನ್ಸ್ ಅಧಿಕಾರಿ. ಮೊನ್ನೆಯಷ್ಟೇ ರಾಯ ಅಂಗಳದಲ್ಲಿ ಬಸ್ಸು ಕಲಿಯಲು ಹೋಗಿ, ಅಡುಗೆಮನೆ ಗೋಡೆ ಸೀಳಿ, ಪಾಯಸದ ಹಂಡೆಯೊಳಗೆ ಚಕ್ರ ಇಳಿಸಿದ್ದ.

"ಪ್ರಭು, ಪರೀಕ್ಷೆ?"

"ತಲೆ ಬೇಡವೇನಯ್ಯ ನಿನಗೆ?"

"ಲೈಸೆನ್ಸು ಆಯಿತು ಪ್ರಭು!"

"ಇನ್ನೊಂದು. ಡ್ರೈವರ್ ದಾದಾಪೀರನಿಗೆ ಇನ್ನು ಬಸ್ಸು ಇಲ್ಲ. ಲಾರಿ ಓಡಿಸಲಿ, ಬರೀ ಸಾಮಾನು."

ದಾದಾಪೀರ ಮೀಸೆ ಕಪ್ಪಿದ್ದಾಗಿನಿಂದ ಆ ಘಾಟಿಯಲ್ಲೇ ಬಸ್ಸು ಓಡಿಸಿದವ. ಪಾಪ, ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಕೊಟ್ರಪ್ಪ ಅವನ ಕಿವಿಯಲ್ಲಿ, "ನಾಳೆ ಖಾಲಿ ಲಾರಿ ತಂದು ಬಸ್ಸಿನ ಹಿಂದೆ ನಿಲ್ಲಿಸು. ತಕ್ಕಡಿ ಮರೀಬೇಡ" ಎಂದ.

ಬೆಳಿಗ್ಗೆ ರಾಯ ಖಾಕಿ ತೊಟ್ಟು, ಕಿರೀಟ ಇಟ್ಟು ಸ್ಟೇರಿಂಗ್ ಹಿಡಿದ. ಕೊಟ್ರಪ್ಪನೇ ಕಂಡಕ್ಟರು. ಬಾಗಿಲಿಗೆ ಜೋತುಬಿದ್ದು, "ಹತ್ರೀ, ಹತ್ರೀ, ಈಗ ಬಿಡ್ತೀವಿ!" ಎಂದು ಕೂಗಿದ. ರಾಯನೂ ಸೀಟು ತುಂಬದ ಬಸ್ಸಿನವರ ಹಾಗೆ ಮೊಳ ಮುಂದೆ, ಮೊಳ ಹಿಂದೆ ಆಡಿಸಿ ಬುರ್‍ರ್ ಎನ್ನಿಸಿದ.

ಒಬ್ಬ ಅಜ್ಜಿ ಹತ್ತಿದಳು. ಕಿರೀಟ ಕಂಡಳು. "ಅಯ್ಯೋ ಶಿವನೇ, ಒಲೆ ಮೇಲೆ ಹಾಲಿಟ್ಟು ಬಂದೆ!" ಎಂದು ಹಾರಿ ಇಳಿದಳು.

ಬಿಸಿಲೇರಿತು. ಸೀಟು ಖಾಲಿ.

"ಸಿಪಾಯಿಗಳೇ, ಜನರನ್ನು ಎಳೆದು ತುಂಬಿ!"

"ಬೇಡಿ ಪ್ರಭು! ಎಳೆದು ತಂದವರು ಕೈದಿಗಳಾಗುತ್ತಾರೆ. ಕೈದಿಗಳ ಗಾಡಿಗೆ ಬೇರೆ ಲೈಸೆನ್ಸು."

"ಹಾಗಾದರೆ ಸಿಪಾಯಿಗಳೇ ಹತ್ತಲಿ."

"ಅದು ದಂಡಿನ ಗಾಡಿ. ಅದಕ್ಕೆ ಸೇನಾಪತಿಯ ಸಹಿ ಬೇಕು. ಅವರು ನಿನ್ನೆಯಿಂದ ಕಾಣುತ್ತಿಲ್ಲ."

"ರಾಣಿಯನ್ನು ಕರೆಸು!"

"ಹೇಳಿಕಳಿಸಿದೆ ಪ್ರಭು. ತವರಿಗೆ ಹೋದರಂತೆ. ನಡೆದೇ."

ರಾಯ ಹಲ್ಲು ಕಡಿಯುತ್ತ ಕನ್ನಡಿಯಲ್ಲಿ ಹಿಂದೆ ನೋಡಿದ. ದಾದಾಪೀರನ ಲಾರಿಯ ಮೇಲೆ ಇಡೀ ಊರು! ಅಜ್ಜಿ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದಳು.

"ಹಿಡೀರಿ ಅವನನ್ನು! ಸಾಮಾನಿನ ಲಾರಿಗೆ ಜನ ತುಂಬಿದ್ದಾನೆ!"

"ಜನ ಎಲ್ಲಿ ಪ್ರಭು? ಎಲ್ಲರೂ ಸಾಮಾನು ಅಂತಲೇ ಹೆಸರು ಬರೆಸಿದ್ದಾರೆ. ಊರ ಗೌಡರು ಎರಡು ಮೂಟೆಯಷ್ಟು ತೂಗಿದರು."

"ನನ್ನ ಬಸ್ಸಿನಲ್ಲಿ ಮೆತ್ತನೆ ಸೀಟಿದೆ. ಅದನ್ನು ಬಿಟ್ಟು ಸಾಮಾನಾದರೇ? ಎಂಥ ಸಾಮಾನಯ್ಯ ಅದು?"

ಕೊಟ್ರಪ್ಪ ಕೈಮುಗಿದ. "ಒಡೆಯೋ ಸಾಮಾನು ಪ್ರಭು. ಅದಕ್ಕೇ ನಿಮ್ಮ ಬಸ್ಸಿಗೆ ಹಾಕಲಿಲ್ಲ."

ರಾಯ ಕಣ್ಣು ಕೆಕ್ಕರಿಸಿದ. ಆಮೇಲೆ ಹೊಟ್ಟೆ ಕುಣಿಯತೊಡಗಿತು. ನಕ್ಕ ರಭಸಕ್ಕೆ ಹಾರನ್ನಿನ ಮೇಲೆ ಬಿದ್ದ, ಬಸ್ಸೂ ಕೂಗಿತು. ಕೆಳಗಿಳಿದು ಬಸ್ಸಿನ ಕೀಲಿಯನ್ನು ದಾದಾಪೀರನ ಕೈಗಿಟ್ಟ, ಕೊರಳ ಸರವನ್ನು ಕೊಟ್ರಪ್ಪನಿಗೆ ಹಾಕಿದ.

ಊರೆಲ್ಲ ಲಾರಿಯಿಂದ ಬಸ್ಸಿಗೆ ನುಗ್ಗಿತು. ರಾಯನಿಗೆ ಸೀಟು ಸಿಗಲಿಲ್ಲ.

"ಅಜ್ಜಿ, ಸ್ವಲ್ಪ ಸರೀತೀಯಾ?"

"ಕಿರೀಟ ತೆಗೆದು ತೊಡೆ ಮೇಲಿಟ್ಕೊಳಪ್ಪ, ಜಾಗ ಆಗ್ತದೆ."