ಆಂಪ್ಲಿಫೈಯರಿನ ಪಂಚಮ

ಶಿಷ್ಯ ಕೇಳಿದ: "ಗುರುಗಳೇ, ನಾಳೆಯಿಂದ ಬೇರೆ ಊರಿನಲ್ಲಿ ನಾನೇ ಪಾಠ ಹೇಳಬೇಕು. ನಾನು ಹೇಳುವುದು ನಿಮ್ಮ ಮಾತೇ ಎಂದು ನನಗೆ ಖಾತ್ರಿಯಾಗುವುದು ಹೇಗೆ?"

ಗುರುಗಳು ಹೇಳಿದರು: "ಹಾಗೆ ಖಾತ್ರಿಯಿದ್ದ ಒಬ್ಬನ ಕತೆ ಹೇಳುತ್ತೇನೆ, ಕೇಳು."

ಒಬ್ಬ ಗವಾಯಿ ಇದ್ದ. ಅವನ ಗುರು ದೊಡ್ಡ ಹಾಡುಗಾರ. ಗುರು ತೀರಿಕೊಂಡ ಮೇಲೆ ಅವರ ಹಾಡಿನ ಟೇಪುಗಳು ಗವಾಯಿಯ ಪಾಲಿಗೆ ಬಂದವು. ಅವುಗಳ ಜೊತೆಗೆ ಗುರು ಬಳಸುತ್ತಿದ್ದ ಸ್ಟೀರಿಯೊ ಆಂಪ್ಲಿಫೈಯರ್ ಕೂಡ ಬಂತು. ಮರದ ಪೆಟ್ಟಿಗೆ, ದಪ್ಪ ಗುಂಡಿಗಳು, ಹಳದಿ ದೀಪ. ಗವಾಯಿ ಅದನ್ನು ಪಾಠದ ಕೋಣೆಯಲ್ಲಿ ಮಣೆಯ ಮೇಲೆ ಇಟ್ಟ. ಟೇಪ್ ರೆಕಾರ್ಡರನ್ನು ಅದಕ್ಕೆ ಜೋಡಿಸಿ ಶಿಷ್ಯರಿಗೆ ಟೇಪು ಕೇಳಿಸಿಯೇ ಪಾಠ ಮಾಡುತ್ತಿದ್ದ. ತನಗೂ ತನ್ನ ಶಿಷ್ಯರಿಗೂ ಗುರು ಒಬ್ಬರೇ ಎಂಬುದು ಅವನ ಹೆಮ್ಮೆ.

ಯಂತ್ರಕ್ಕೆ ವಯಸ್ಸಾಯಿತು. ಸ್ವಿಚ್ಚು ಹಾಕಿದೊಡನೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬರತೊಡಗಿತು. ಅದು ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಬೆಳೆದದ್ದರಿಂದ ಯಾವಾಗ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆ ಸದ್ದು ಗುರುವಿನ ಪಂಚಮ ಸ್ವರಕ್ಕೆ ತೀರ ಹತ್ತಿರವಿತ್ತು. ಕೂದಲೆಳೆಯಷ್ಟು ಮೇಲಿತ್ತು, ಅಷ್ಟೇ.

ಒಂದು ದಿನ ಯಾರೋ ತಂಬೂರಿಯ ಪಂಚಮದ ತಂತಿಯನ್ನು ಆ ಸದ್ದಿಗೆ ಹೊಂದಿಸಿದರು. ಅನುಕೂಲವಾಯಿತು. ಆಮೇಲೆ ಅದೇ ಪದ್ಧತಿಯಾಯಿತು. ಮೊದಲು ಸ್ವಿಚ್ಚು ಹಾಕುವುದು, ಕೈ ಮುಗಿಯುವುದು, ಗುಂಯ್ ಬರುವವರೆಗೆ ಕಾಯುವುದು. ಬಂದ ಮೇಲೆ "ಗುರುಗಳ ಶ್ರುತಿ ಬಂತು" ಎನ್ನುವುದು. ತಂತಿಯನ್ನು ಅದಕ್ಕೆ ಸೇರಿಸಿ ಹಾಡಲು ಕೂರುವುದು.

ಹೀಗಾಗಿ ಆ ಮನೆಯಲ್ಲಿ ಕಲಿತವರ ಪಂಚಮವೆಲ್ಲ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ಕೇಳುವವರು ಅದನ್ನು ಆ ಪರಂಪರೆಯ ವಿಶೇಷವೆಂದರು. ಒಬ್ಬ ವಿಮರ್ಶಕ ಅದರಲ್ಲಿ ವಿರಹವನ್ನು ಕಂಡ. ಇನ್ನೊಬ್ಬ ವೈರಾಗ್ಯವನ್ನು ಕಂಡ. ಇಬ್ಬರಿಗೂ ಶಾಲು ಹೊದಿಸಲಾಯಿತು.

ಆಗ ಒಬ್ಬ ಹೆಂಗಸು ಕಲಿಯಲು ಬಂದಳು. ಹಾಡು ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಧ್ವನಿ ಚೆನ್ನಾಗಿತ್ತು, ತಾಳ ಗಟ್ಟಿಯಿತ್ತು. ಆದರೆ ಅವಳ ಪಂಚಮ ಮಾತ್ರ ಉಳಿದವರ ಜೊತೆ ಸೇರುತ್ತಿರಲಿಲ್ಲ. ತಂಬೂರಿ ಕೈಗೆ ಬಂದಾಗಲೆಲ್ಲ ಅವಳು ಆ ತಂತಿಯನ್ನು ಸ್ವಲ್ಪ ಇಳಿಸುತ್ತಿದ್ದಳು.

"ಬುವಾ, ತಂತಿ ಒಂದೀಟು ಮ್ಯಾಲ ಅನಸ್ತದ್ರೀ," ಎಂದಳು.

"ತಂತಿ ಮ್ಯಾಲಿಲ್ಲ ತಂಗಿ, ನಿನ್ನ ಕಿವಿ ಕೆಳಗ ಅದ," ಎಂದ ಗವಾಯಿ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮರುದಿನ ಮತ್ತೆ ತಂತಿ ಇಳಿಸಿದಳು. ಗವಾಯಿಗೆ ಸಿಟ್ಟು ಬಂತು. ಗುರುವಿನ ಪುಣ್ಯತಿಥಿಯ ದಿನ ಎಲ್ಲರೆದುರು ಟೇಪಿನ ಜೊತೆ ಹಾಡಬೇಕು, ಪಂಚಮ ಸೇರದಿದ್ದರೆ ಈ ಮನೆಗೆ ಮತ್ತೆ ಬರಕೂಡದು ಎಂದು ಹೇಳಿದ. ಅವಳು ಒಪ್ಪಿದಳು.

ಅಷ್ಟರಲ್ಲಿ ಯಂತ್ರ ಕೆಟ್ಟಿತು. ಸುಟ್ಟ ವಾಸನೆ ಬಂತು, ದೀಪ ಆರಿತು. ಗವಾಯಿ ಒಬ್ಬ ರಿಪೇರಿಯವನನ್ನು ಕರೆಸಿದ. ಅವನು ದೊಡ್ಡ ಬಾಯಿಯವನು. ಸಂಗೀತದ ಗಂಧ ಅವನಿಗಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಸದ್ದು ಜೋರಾದಷ್ಟೂ ಯಂತ್ರ ಒಳ್ಳೆಯದು ಎಂಬುದು ಅವನ ಸಿದ್ಧಾಂತ. ಗವಾಯಿ ಅವನಿಗೆ ಹೇಳಿದ್ದು ಒಂದೇ: ಗುರುಗಳ ಧ್ವನಿ ಬದಲಾಗಬಾರದು. ರಿಪೇರಿಯವನು ತಲೆಯಾಡಿಸಿದ, ಯಂತ್ರವನ್ನು ಎತ್ತಿಕೊಂಡು ಹೋದ, ತನಗೆ ತೋಚಿದಂತೆ ಮಾಡಿದ.

ಪುಣ್ಯತಿಥಿಯ ಬೆಳಿಗ್ಗೆ ತಂದು ಮಣೆಯ ಮೇಲೆ ಇಟ್ಟ.

"ಬರೇ ರಿಪೇರಿ ಅಲ್ರಿ ಬುವಾ, ಅಪ್‌ಗ್ರೇಡ್ ಮಾಡೀನಿ. ಒಳಗ ಕಂಡೆನ್ಸರ್ ಎಲ್ಲಾ ಸತ್ತು ಹೆಣಾ ಆಗಿದ್ವು. ಎಲ್ಲಾ ಹೊಸಾವು. ಮುಂದಿನ ಬೋರ್ಡೂ ಹೊಸಾದು. ಇನ್ನ ಮದುವಿ ಮನ್ಯಾಗ ಹಚ್ಚಿದ್ರೂ ಸೋಲಂಗಿಲ್ಲ," ಎಂದ.

ಸ್ವಿಚ್ಚು ಹಾಕಿದ. ಹಳದಿ ದೀಪ ಹತ್ತಿತು. ಶಿಷ್ಯರು ಕೈ ಮುಗಿದು ಕಾದರು. ಏನೂ ಬರಲಿಲ್ಲ. ತಂಬೂರಿ ಹಿಡಿದವನು ಬಿರಡೆಯ ಮೇಲೆ ಕೈಯಿಟ್ಟು ಕೂತೇ ಇದ್ದ. ಕರೆಂಟು ಬಂದಿಲ್ಲ ಎಂದು ಒಬ್ಬ ಹೇಳಿದ. ಬಂದಿದೆ ಎಂದು ರಿಪೇರಿಯವನು ದೀಪ ತೋರಿಸಿದ.

ಗವಾಯಿ ಟೇಪು ಓಡಿಸಿದ.

ಮೊದಲು ತಂಬೂರಿ ಕೇಳಿಸಿತು. ಅದು ಕೋಣೆಯ ತಂಬೂರಿಯಲ್ಲ, ಟೇಪಿನೊಳಗಿನ ತಂಬೂರಿ. ಅಲ್ಲೊಂದು ತಂಬೂರಿ ಇದೆ ಎಂಬುದನ್ನೇ ಅವರು ಮರೆತಿದ್ದರು. ಅದರ ಪಂಚಮದ ತಂತಿ ಇಷ್ಟು ವರ್ಷ ಗುಂಯ್ ಸದ್ದಿನ ಅಡಿಯಲ್ಲಿ ಬಿದ್ದಿತ್ತು. ಆಮೇಲೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಶಿಷ್ಯರು ಪಕ್ಕದವರನ್ನು ನೋಡಿದರು. ಉಸಿರೆಳೆದದ್ದು ಗುರು. ಅವರು ಸತ್ತು ಬಹಳ ಕಾಲವಾಗಿತ್ತು.

ಗುರು ಹಾಡಿದರು. ಷಡ್ಜದಿಂದ ಎದ್ದು, ಅವಸರವಿಲ್ಲದೆ ಒಂದೊಂದೇ ಸ್ವರ ದಾಟಿ ಪಂಚಮಕ್ಕೆ ಬಂದು ನಿಂತರು. ಅಲ್ಲಿ ವಿರಹವಿರಲಿಲ್ಲ, ವೈರಾಗ್ಯವಿರಲಿಲ್ಲ. ಸ್ವರ ತನ್ನ ಜಾಗದಲ್ಲಿ ಇತ್ತು. ಅಷ್ಟಕ್ಕೇ ಕೋಣೆ ದೊಡ್ಡದಾದಂತೆ ಅನಿಸಿತು. ರಿಪೇರಿಯವನೂ ಬಾಯಿ ಮುಚ್ಚಿದ.

ಗವಾಯಿ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಓಡಿಸಿದ. ಹೆಂಗಸಿಗೆ ಹಾಡು ಎಂದು ಸನ್ನೆ ಮಾಡಿದ. ಅವಳು ಹಾಡಿದಳು. ಅವಳ ಪಂಚಮ ಗುರುವಿನ ಪಂಚಮದೊಳಗೆ ಹೋಯಿತು. ಎಲ್ಲಿ ಹೋಯಿತೆಂದು ಹುಡುಕುವಂತೆ ಎಲ್ಲರೂ ಅವಳ ತುಟಿ ನೋಡಿದರು. ತುಟಿ ತೆರೆದೇ ಇತ್ತು.

ಆಮೇಲೆ ಗವಾಯಿ ಹಾಡಿದ. ಅವನ ಸ್ವರ ಗುರುವಿನ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತು. ನಿಲ್ಲಿಸಿ ಮತ್ತೆ ಹಾಡಿದ. ಮತ್ತೆ ಅಲ್ಲಿಯೇ ನಿಂತಿತು. ತಪ್ಪು ಈಗ ಅವನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಗಂಟಲು ಮಾತ್ರ ಕೆಳಗಿಳಿಯಲಿಲ್ಲ.

ಅವನು ರಿಪೇರಿಯವನನ್ನು ಕೇಳಿದ: "ಹಳೇವು ಎಲ್ಲಿ ಅದಾವ?"

"ಡಬ್ಬ್ಯಾಗ ಅದಾವ್ರಿ."

"ತೊಗೊಂಡ್ ಬಾ. ಅವನ್ನ ಹಾಕು."

"ಸತ್ತ ಕಂಡೆನ್ಸರ್ ಮತ್ತ ಹಾಕಿಸಿಕೊಳ್ಳೋ ಗಿರಾಕಿ ನೀವ ಮೊದಲನೇದವ್ರು ನೋಡ್ರಿ," ಎಂದು ರಿಪೇರಿಯವನು ನಕ್ಕ. ಯಾರೂ ನಗಲಿಲ್ಲ.

ಹೆಂಗಸು ಎದ್ದಳು. ತಾನು ಕೂತಿದ್ದ ಚಾಪೆಯನ್ನು ಸುತ್ತತೊಡಗಿದಳು. ಗವಾಯಿ ಅದನ್ನು ನೋಡಿದ. ಟೇಪು ಇನ್ನೂ ಓಡುತ್ತಿತ್ತು, ಗುರು ಮತ್ತೆ ಪಂಚಮಕ್ಕೆ ಬಂದಿದ್ದರು. ಅದು ಮುಗಿಯುವವರೆಗೆ ಅವನು ಕಾದ.

"ಚಾಪಿ ಹಾಸು ತಂಗಿ," ಎಂದ. "ಇನ್ನ ಮ್ಯಾಲ ತಂಬೂರಿ ನೀ ಶ್ರುತಿ ಮಾಡು."

ಡಬ್ಬಿಯಲ್ಲಿದ್ದವು ಡಬ್ಬಿಯಲ್ಲೇ ಉಳಿದವು. ಶಿಷ್ಯರಲ್ಲಿ ಕೆಲವರು ಮನೆ ಬಿಟ್ಟರು. ವಿಮರ್ಶಕರು, ಆ ಪರಂಪರೆ ಸಪ್ಪೆಯಾಯಿತು ಎಂದು ಬರೆದರು. ಗವಾಯಿ ಆ ದಿನದ ನಂತರ ಶಿಷ್ಯರೆದುರು ಹಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಹೋಗಲಿ, ಕೊನೆಗಾದರೂ ಅವನಿಗೆ ತನ್ನ ಗುರು ಸಿಕ್ಕರಲ್ಲ. ಸಂತೋಷಪಟ್ಟಿರಬೇಕು."

"ಅವನು ಹೇಳುತ್ತಿದ್ದುದು ಬೇರೆ," ಎಂದರು ಗುರುಗಳು. "ಈಗ ಟೇಪಿನಲ್ಲಿ ಒಬ್ಬ ಮಹಾ ಹಾಡುಗಾರ ಕೇಳಿಸುತ್ತಾನೆ, ಆದರೆ ಮೊದಲಿನಂತೆ ಗುರು ಪಕ್ಕದಲ್ಲಿ ಕೂತ ಹಾಗೆ ಅನಿಸುವುದಿಲ್ಲ ಎನ್ನುತ್ತಿದ್ದ."

ಶಿಷ್ಯ ಧೈರ್ಯ ಮಾಡಿ ಕೇಳಿದ: "ನಿಮ್ಮಿಂದ ನಾನು ಕಲಿತದ್ದರಲ್ಲಿ ಆ ಗುಂಯ್ ಸದ್ದು ಯಾವುದು, ಹೇಳಿಬಿಡಿ. ಹೋಗುವ ಮೊದಲೇ ತೆಗೆದುಹಾಕುತ್ತೇನೆ."

ಗುರುಗಳು ಹೇಳಿದರು: "ನನ್ನ ಮಾತಿನಲ್ಲಿ ನಿನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾವುದೋ, ಅಲ್ಲಿಂದ ಹುಡುಕಲು ಶುರುಮಾಡು."